ಬುರಣಾಪುರದಿಂದ ಸಣ್ಣ ವಿಮಾನ ಕಂಪನಿ ಹಾರಿದ್ರ ಎಷ್ಟು ದಿನ ನಡೀತದ? ಲೆಕ್ಕ ಗೊತ್ತಿದ್ದವ್ರು ಹೇಳ್ರಿ

ಗುಮ್ಮಟದ_ನೆರಳು
ಬುರಣಾಪುರದಾಗಿನ ವಿಜಯಪುರ ವಿಮಾನ ನಿಲ್ದಾಣದ ಮಾತು ಬಂದ್ರ ಸಾಕು, ರನ್‌ವೇ ಎಷ್ಟಾತು, ಉದ್ಘಾಟನೆಗೆ ಯಾರ ಬರ್ತಾರ, ಇದ ನಡೀತದ. 2021ರಾಗ ಅಡಿಗಲ್ಲು ಬಿತ್ತು, ಮೊದಲ ಎಟಿಆರ್ ಅನ್ನೂ ಸಣ್ಣ ಫ್ಯಾನ್ ವಿಮಾನ ಇಳಿಯೂವಷ್ಟು ಅಂದ್ರು, ನಡುವ ಏರ್‌ಬಸ್ 320 ಇಳೀಬೇಕು ಅಂತ ನಕ್ಷೆ ಬದಲಾತು. ಇರ್ಲಿ. ಕಟ್ಟೂದು ಸರ್ಕಾರದ ಕೆಲಸ, ಹಾರೂದು ಕಂಪನಿ ಕೆಲಸ. ನನ್ನ ಪ್ರಶ್ನೆ ಎರಡನೇದರ ಬಗ್ಗೆ. ಎರಡು ಮೂರು ವಿಮಾನ ಇರೋ ಸಣ್ಣ ಕಂಪನಿ ವಿಜಯಪುರ, ಬಾಗಲಕೋಟೆ ಮಂದಿನ್ನ ನಂಬಿ ಬಂದ್ರ ಯಾವ ವಿಮಾನ ತರಬೇಕು, ಯಾವ ಊರಿಗೆ ಹಾರಬೇಕು, ಎಷ್ಟು ಸೀಟು ತುಂಬಬೇಕು? ಕೇಂದ್ರದ ಉಡಾನ್ ಯೋಜನಾದ ಮೂರು ವರ್ಷದ ಸಬ್ಸಿಡಿ ಮುಗಿದ ಮರುದಿನ ಗಂಟು ಕಟ್ಟೂದಿಲ್ಲ ಅಂತ ಏನ್ ಗ್ಯಾರಂಟಿ? ಅಭಿಮಾನದ ಭಾಷಣ ಬ್ಯಾಡ, ಲೆಕ್ಕ ಬರೀರಿ.

ಸಾಂಬ್ರಾ_08
ಲೆಕ್ಕನೇ ಬೇಕಂದ್ರೆ ಇಂಧನದಿಂದ ಶುರು ಮಾಡೋಣ. ವಿಜಯಪುರ–ಬೆಂಗಳೂರು ಆಕಾಶದಲ್ಲಿ ಸುಮಾರು 455 ಕಿ.ಮೀ. ಎಟಿಆರ್ 72ಗೆ ಎಂಜಿನ್ ಶುರುವಿನಿಂದ ನಿಲ್ಲಿಸೋವರೆಗೆ ಹೆಚ್ಚುಕಡಿಮೆ 1 ಗಂಟೆ 20 ನಿಮಿಷ, ಇಂಧನ 850 ಕೆ.ಜಿ. ಆಸುಪಾಸು, ಅಂದರೆ 1,070 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ 96 ಸಾವಿರ. 72 ಸೀಟಿನಲ್ಲಿ 50 ತುಂಬಿದರೆ ತಲೆಗೆ 1,900 ರೂ. ಬರೀ ಎಣ್ಣೆಗೇ ಹೋಯ್ತು.

ಆದರೆ ಕಂಪನಿ ಮುಳುಗಿಸೋದು ಎಣ್ಣೆ ಅಲ್ಲ, ಬಾಡಿಗೆ. ಹಾರಿದರೆ ಮಾತ್ರ ಎಣ್ಣೆ ಖರ್ಚಾಗುತ್ತೆ, ಬಾಡಿಗೆ ನಿಂತರೂ ಓಡ್ತಾನೇ ಇರುತ್ತೆ, ಅದೂ ಡಾಲರ್‌ನಲ್ಲಿ. ತಿಂಗಳಿಗೆ ಒಂದೂವರೆ ಲಕ್ಷ ಡಾಲರ್ ಅಂತ ಹಿಡೀರಿ, ಸುಮಾರು 1.3 ಕೋಟಿ ರೂ. ದಿನಕ್ಕೆ 4 ಗಂಟೆ ಹಾರಿಸಿದರೆ ಗಂಟೆಗೆ 1 ಲಕ್ಷ 8 ಸಾವಿರ ಬಾಡಿಗೆ ಬಿತ್ತು. 8 ಗಂಟೆ ಹಾರಿಸಿದರೆ 54 ಸಾವಿರ. ಅದೇ ಬೆಂಗಳೂರು ಟ್ರಿಪ್‌ಗೆ, ಅದೇ 50 ಜನಕ್ಕೆ, ತಲೆಗೆ 2,880 ಎಲ್ಲಿ, 1,440 ಎಲ್ಲಿ! ಇದರ ಮೇಲೆ ಎಂಜಿನ್ ರಿಪೇರಿಗೆ ಗಂಟೆ ಲೆಕ್ಕದಲ್ಲಿ ತೆಗೆದಿಡೋ ಹಣ, ಪೈಲಟ್ ಸಂಬಳ, ವಿಮೆ ಬೇರೆ. ಹಾಗಾಗಿ "ವಿಜಯಪುರಕ್ಕೆ ಒಂದು ವಿಮಾನ" ಅನ್ನೋ ಬೇಡಿಕೆಯೇ ತಪ್ಪು. ಆ ವಿಮಾನ ಉಳಿದ ಐದಾರು ಗಂಟೆ ಎಲ್ಲಿ ಹಾರುತ್ತೆ ಅಂತ ಮೊದಲು ಕೇಳಬೇಕು.

ಖಡಕ್_ರೊಟ್ಟಿ
ಬಾಡಿಗಿ ಟ್ರ್ಯಾಕ್ಟರ್ ಬದುವಿನ ಮ್ಯಾಲ ನಿಲ್ಲಿಸಿ ಡೀಸೆಲ್ ಉಳೀತು ಅಂದಂಗಾತು ನಮ್ಮ ಬೇಡಿಕೆ 😄

ಗುಮ್ಮಟದ_ನೆರಳು
@ಸಾಂಬ್ರಾ_08 ಎಟಿಆರ್ ಯಾಕ? ಜನ ಜೆಟ್ ಕೇಳ್ತಾರ. ರೆಕ್ಕಿ ಫ್ಯಾನ್ ನೋಡಿ ಹಳೇ ವಿಮಾನ ಅಂತಾರ.

ಹೋಟೆಲ್_ಮೋಡ್
ಜನ ಅಂತಾರೆ ಅಂತ ಜೆಟ್ ತಂದರೆ ಬಿಲ್ ಕೂಡ ಜನರೇ ಕಟ್ಟಬೇಕಾಗುತ್ತೆ. 76 ಸೀಟಿನ ಎಂಬ್ರೇಯರ್ 175 ಇದೇ ದೂರಕ್ಕೆ ಎಟಿಆರ್‌ನ ಸುಮಾರು ಎರಡು ಪಟ್ಟು ಇಂಧನ ಕುಡಿಯುತ್ತೆ. ಉಳಿಯೋದು 15 ನಿಮಿಷ. ದೂರ 800 ಕಿ.ಮೀ. ದಾಟಿದಾಗ ಜೆಟ್‌ಗೆ ಅರ್ಥ ಬರುತ್ತೆ. ವಿಜಯಪುರ–ದೆಹಲಿ ಅನ್ನೋದಾದರೆ ಮಾತಾಡೋಣ.

ಎಟಿಆರ್‌ನಲ್ಲಿ ಸಣ್ಣ ನಿಲ್ದಾಣಕ್ಕೆ ಹೇಳಿಮಾಡಿಸಿದ ವಿಷಯಗಳಿವೆ. ಜನ ಹತ್ತೋ ಬಾಗಿಲು ಹಿಂದೆ, ಬಾಗಿಲಿನಲ್ಲೇ ಮೆಟ್ಟಿಲು. ಏಣಿ ಗಾಡಿ ಬೇಡ, ಏರೋಬ್ರಿಡ್ಜ್ ಬೇಡ. ಮುಂದಿನ ಬಾಗಿಲು ಸರಕಿಗೆ. ಜನ ಎಲ್ಲ ಹಿಂದೆ ನಿಂತಾಗ ಮೂತಿ ಮೇಲೆದ್ದು ಬಾಲ ನೆಲಕ್ಕೆ ಕೂರಬಾರದು ಅಂತ ಬಾಲದ ಕೆಳಗೆ ಒಂದು ಕೋಲು ಊರ್ತಾರೆ, ಗಮನಿಸಿ ನೋಡಿ. ಅದನ್ನು ತೆಗೆಯದೆ ವಿಮಾನ ಅಲುಗಾಡಿಸೋ ಹಾಗಿಲ್ಲ.

ಇನ್ನೊಂದು: ಇದರಲ್ಲಿ ಎಪಿಯು ಇಲ್ಲ, ಅಂದರೆ ನಿಂತಾಗ ಕರೆಂಟು, ಎಸಿ ಕೊಡೋ ಪುಟ್ಟ ಎಂಜಿನ್ ಬಾಲದಲ್ಲಿಲ್ಲ. ಬದಲಿಗೆ ಬಲಗಡೆ ಎಂಜಿನ್ ಓಡಿಸಿ, ಅದರ ಪ್ರೊಪೆಲ್ಲರ್‌ಗೆ ಮಾತ್ರ ಬ್ರೇಕ್ ಹಾಕಿ ನಿಲ್ಲಿಸ್ತಾರೆ. ಫ್ಯಾನ್ ನಿಂತಿದ್ರೂ ಎಂಜಿನ್ ಸದ್ದು ಕೇಳ್ತಿದ್ರೆ ಅದು ಇದೇ, ಹೋಟೆಲ್ ಮೋಡ್ ಅಂತಾರೆ. ಆ ಬ್ರೇಕ್ ಕೆಟ್ಟರೆ ನಿಲ್ದಾಣದಲ್ಲಿ ಜಿಪಿಯು ಬೇಕೇಬೇಕು, ಅದೇ ನೆಲದ ಮೇಲಿನ ಜನರೇಟರ್ ಗಾಡಿ. ಸಣ್ಣ ನಿಲ್ದಾಣದಲ್ಲಿ ಜಿಪಿಯು ಒಂದೇ ಇರುತ್ತೆ, ಅದೂ ಕೆಟ್ಟಿದ್ದರೆ ಅವತ್ತಿನ ವಿಮಾನ ರದ್ದು. ಪ್ರಯಾಣಿಕರಿಗೆ ಬರೋ ಮೆಸೇಜ್‌ನಲ್ಲಿ "ಕಾರ್ಯಾಚರಣೆಯ ಕಾರಣ" ಅಂತಿರುತ್ತೆ, ಅಷ್ಟೇ.

ಸಾಂಬ್ರಾ_08
ತೆರಿಗೆ, ಶುಲ್ಕದ್ದೂ ಸೇರಿಸಿ. ವಿಮಾನ ನಿಲ್ದಾಣ ಪ್ರಾಧಿಕಾರದ ನಿಲ್ದಾಣಗಳಲ್ಲಿ 80 ಸೀಟಿಗಿಂತ ಕಡಿಮೆ ಇರೋ ವಿಮಾನಕ್ಕೆ ಲ್ಯಾಂಡಿಂಗ್ ಶುಲ್ಕ ಇಲ್ಲ, ಎಟಿಆರ್‌ಗೆ ಈ ರಿಯಾಯಿತಿ ಸಿಗುತ್ತೆ. 40 ಟನ್‌ಗಿಂತ ಕಡಿಮೆ ತೂಕದ ವೇಳಾಪಟ್ಟಿ ವಿಮಾನಕ್ಕೆ ತುಂಬಿಸೋ ಇಂಧನದ ಮೇಲೆ ಮಾರಾಟ ತೆರಿಗೆ ಶೇ 5 ದಾಟೋ ಹಾಗಿಲ್ಲ. ಏರ್‌ಬಸ್‌ಗೆ ಈ ಎರಡೂ ಸಿಗಲ್ಲ.

ತಿಕೋಟಾ_ದ್ರಾಕ್ಷಿ
ಬ್ಯಾಸಗಿ ಬಗ್ಗೆ ಯಾರೂ ಮಾತಾಡವಲ್ರಿ. ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ 40 ಡಿಗ್ರಿ ಮುಟ್ತದ. ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮ್ಯಾಲ, ಅಂದ್ರ 1,970 ಅಡಿ. ಆ ಎತ್ತರಕ್ಕ ಪುಸ್ತಕದ ಲೆಕ್ಕದ ಉಷ್ಣಾಂಶ 11 ಡಿಗ್ರಿ. 29 ಡಿಗ್ರಿ ಹೆಚ್ಚಾತು. ಡಿಗ್ರಿಗೆ 120 ಅಡಿ ಅಂದ್ರ 3,480 ಅಡಿ ಕೂಡಿಸ್ರಿ, 5,450 ಅಡಿ. ರೆಕ್ಕಿಗೂ ಎಂಜಿನ್ನಿಗೂ ವಿಜಯಪುರ ಆ ಹೊತ್ತಿನ್ಯಾಗ 5,450 ಅಡಿ ಮ್ಯಾಲಿನ ಊರು. ಗಾಳಿ ತೆಳು, ಓಟ ಉದ್ದ ಬೇಕು, ಒಂದು ಎಂಜಿನ್ ಕೈಕೊಟ್ರ ಏರೂ ಶಕ್ತಿ ಕಡಿಮಿ. ಅದಕ್ಕ ತೂಕ ಇಳಿಸ್ತಾರ. ಮೊದಲ ಸರಕು, ಆಮ್ಯಾಲ ಬ್ಯಾಗು, ಕಡೀಕ ಮಂದಿ. 12ರಿಂದ 4ರ ನಡುವ ವೇಳಾಪಟ್ಟಿ ಇಡೂದು ದಡ್ಡತನ.

ಹೋಟೆಲ್_ಮೋಡ್
ಲೆಕ್ಕ ಸರಿ, ಭಯ ಸ್ವಲ್ಪ ಜಾಸ್ತಿ. ಏರ್‌ಬಸ್‌ಗೆ ಅಂತ ಉದ್ದ ಮಾಡಿದ ರನ್‌ವೇನಲ್ಲಿ ಎಟಿಆರ್‌ಗೆ ಓಟದ ಸಮಸ್ಯೆ ಬರಲ್ಲ. ಒಂದೇ ಎಂಜಿನ್‌ನಲ್ಲಿ ಏರೋ ಮಿತಿ ಮಾತ್ರ ಕಾಡುತ್ತೆ, ಅದೂ ವಿಮಾನ ತುಂಬಿದ್ದರೆ.

ತಿಕೋಟಾ_ದ್ರಾಕ್ಷಿ
ತುಂಬಿದಾಗನ ಅಲ್ಲೇನ್ರಿ ಲಾಭ ಬರೂದು? ಖಾಲಿ ವಿಮಾನಕ್ಕ ಬಿಸಲಿನ ತೊಂದ್ರಿ ಇಲ್ಲ ಅಂದ್ರ ಏನ್ ಬಂತು.

ಘಟಪ್ರಭಾ_ದಂಡಿ
ಎಲ್ಲಾ ಸರಿ, ಸರ್ಕಾರ ನಷ್ಟ ತುಂಬಿ ಕೊಡ್ತತಲ್ಲ ಉಡಾನ್‌ನ್ಯಾಗ? ಮತ್ಯಾಕ ಇಷ್ಟ್ ಲೆಕ್ಕ?

ಕಡತ_ಕಣ್ಣು
ನಷ್ಟ ತುಂಬಿಕೊಡುವುದಿಲ್ಲ. ಇದು ಎಲ್ಲರೂ ತಪ್ಪು ತಿಳಿದಿರುವ ವಿಷಯ. ಉಡಾನ್‌ನಲ್ಲಿ ಕಂಪನಿ ಮೊದಲೇ ಬಿಡ್ ಹಾಕುತ್ತದೆ: ಈ ಮಾರ್ಗದಲ್ಲಿ ಇಷ್ಟು ಸೀಟು ಮಿತಿ ದರಕ್ಕೆ ಕೊಡುತ್ತೇನೆ, ಸೀಟಿಗೆ ಇಷ್ಟು ಅಂತರ ಹಣ (ಖರ್ಚಿಗೂ ಆ ದರಕ್ಕೂ ಇರುವ ವ್ಯತ್ಯಾಸ) ಕೊಡಿ ಎಂದು. ಒಂದು ಗಂಟೆಯ ಹಾರಾಟಕ್ಕೆ ಯೋಜನೆ ಶುರುವಾದಾಗ ಇಟ್ಟ ಮಿತಿ 2,500 ರೂ. ವಿಮಾನದ ಅರ್ಧ ಸೀಟು, ಕನಿಷ್ಠ 9, ಗರಿಷ್ಠ 40, ಈ ದರಕ್ಕೆ. ಉಳಿದ ಸೀಟು ಮಾರುಕಟ್ಟೆ ದರಕ್ಕೆ. ಅಂತರ ಹಣದಲ್ಲಿ ಕೇಂದ್ರದ್ದು ಶೇ 80, ರಾಜ್ಯದ್ದು ಶೇ 20. ಅವಧಿ ಮೂರು ವರ್ಷ, ಅಷ್ಟು ಕಾಲ ಆ ಮಾರ್ಗ ಆ ಕಂಪನಿಗೇ ಮೀಸಲು. ಹಾರದಿದ್ದರೆ ಹಣ ಇಲ್ಲ. ಉಳಿದರ್ಧ ಸೀಟು ತುಂಬದಿದ್ದರೆ ಹೊರೆ ಕಂಪನಿಯದ್ದೇ.

ಫಲಿತಾಂಶ ಸಿಎಜಿ, ಅಂದರೆ ಮಹಾಲೇಖಪಾಲರ 2023ರ ವರದಿಯಲ್ಲಿದೆ. ಬಿಡ್‌ನ ಮೂರನೇ ಸುತ್ತಿನವರೆಗೆ ಕೊಟ್ಟ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಬ್ಸಿಡಿ ಮುಗಿದ ಮೇಲೂ 2023ರ ಮಾರ್ಚ್ ಹೊತ್ತಿಗೆ ನಡೆಯುತ್ತಿದ್ದುದು 54. ಮೂಲ ಪ್ರಶ್ನೆ ಕೇಳಿದವರಿಗೆ ಗ್ಯಾರಂಟಿ ಬೇಕಿತ್ತು, ಇದೇ ಗ್ಯಾರಂಟಿಯ ಅಳತೆ.

ಖಡಕ್_ರೊಟ್ಟಿ
774ರಾಗ 54. ಎಸ್ಸೆಲ್ಸಿ ಆಗಿದ್ರ ಶಾಲೀನ ಮುಚ್ತಿದ್ರು.

ಕಡತ_ಕಣ್ಣು
ಮೂರು ವರ್ಷಕ್ಕೆ ಕತ್ತರಿ ಹಾಕುವುದೇ ಯೋಜನೆಯ ದೋಷ ಎಂಬುದು ನನ್ನ ಅಭಿಪ್ರಾಯ. ಅಮೆರಿಕದಲ್ಲಿ 1978ರಲ್ಲಿ ವಿಮಾನಯಾನ ಮುಕ್ತಗೊಳಿಸಿದಾಗ ಸಣ್ಣ ಊರುಗಳಿಗೆಂದು ತಂದ ಸಬ್ಸಿಡಿ ಇಂದಿಗೂ ಇದೆ. ನಾರ್ವೆಯಲ್ಲಿ ಕೆಲವೇ ಸಾವಿರ ಜನರಿರುವ ಊರಿನ 800 ಮೀಟರ್ ರನ್‌ವೇಗೆ ಪುಟ್ಟ ಡ್ಯಾಶ್ 8 ವಿಮಾನ ಟೆಂಡರ್ ಮೇಲೆ ಇಳಿಯುತ್ತದೆ, ಅವಧಿ ಮುಗಿದರೆ ಮತ್ತೆ ಟೆಂಡರ್. ಅಲ್ಲಿ ಯಾರೂ "ಇನ್ನು ನಿಮ್ಮ ಕಾಲ ಮೇಲೆ ನಿಲ್ಲಿ" ಎನ್ನುವುದಿಲ್ಲ.

ಸಾಂಬ್ರಾ_08
ನಾರ್ವೆ ಹೋಲಿಕೆ ಇಲ್ಲಿ ಕೂರಲ್ಲ. ಅಲ್ಲಿ ಬೆಟ್ಟ, ಸಮುದ್ರದ ಚಾಚು, ಹಿಮ, ರಸ್ತೆಯಲ್ಲಿ ಹೋದರೆ ಇಡೀ ದಿನ. ವಿಜಯಪುರದಿಂದ ಸೊಲ್ಲಾಪುರ 100 ಕಿ.ಮೀ., ಸಮತಟ್ಟು ಹೆದ್ದಾರಿ. ಆ ಸೊಲ್ಲಾಪುರಕ್ಕೆ 2025ರ ಜೂನ್‌ನಲ್ಲಿ ಗೋವಾದಿಂದ ಫ್ಲೈ91ನ ಎಟಿಆರ್ ಬಂದಾಯ್ತು. ಅಷ್ಟು ಹತ್ತಿರ ಇನ್ನೊಂದು ನಿಲ್ದಾಣ ಇರೋವಾಗ ಶಾಶ್ವತ ಸಬ್ಸಿಡಿ ಕೇಳೋದು ಕಷ್ಟ.

ಇಳಕಲ್_ಸೆರಗು
ಬಾಗಲಕೋಟಿ ಕಡೆಯಿಂದ ಒಂದು ಮಾತು. ಎಲ್ಲಾರೂ ವಿಜಯಪುರ–ಬಾಗಲಕೋಟಿ ಮಂದಿ ಕೂಡಿಸಿ ಲೆಕ್ಕ ಹಾಕ್ತೀರಿ. ಹುಬ್ಬಳ್ಳಿ ನಮಗ 120 ಕಿ.ಮೀ., ವಿಜಯಪುರ 90. ಮೂವತ್ತು ಕಿ.ಮೀ. ಉಳಿಸಾಕ ದಿನಕ್ಕ ಒಂದ ವಿಮಾನ ಇರೂ ಕಡೆ ಯಾರ್ ಹೋಗ್ತಾರ? ಹುಬ್ಬಳ್ಳ್ಯಾಗ ಒಂದು ತಪ್ಪಿದ್ರ ಇನ್ನೊಂದು ಐತಿ. ಜಮಖಂಡಿ, ಮುಧೋಳ, ರಬಕವಿ–ಬನಹಟ್ಟಿ ಕಡೆಯವ್ರು ಬೆಳಗಾವಿಗೆ ಹೊಂಟ್ರೂ ಹೊಂಟ್ರು. ಇಳಕಲ್, ಹುನಗುಂದದವರಂತೂ ರಾತ್ರಿ ಬಸ್ಸು. ನಿಮ್ಮ ಲೆಕ್ಕದಾಗಿಂದ ನಮ್ಮ ಜಿಲ್ಲಾ ಮುಕ್ಕಾಲು ತೆಗೀರಿ.

ಕಡತ_ಕಣ್ಣು
ಇದೇ ಸೋರಿಕೆ ಬೀದರ್‌ನಲ್ಲೂ ಆದದ್ದು. 2020ರ ಫೆಬ್ರುವರಿಯಲ್ಲಿ ಟ್ರೂಜೆಟ್ ಎಟಿಆರ್‌ನೊಂದಿಗೆ ಶುರು. 2022ರಲ್ಲಿ ಆ ಕಂಪನಿಯೇ ಹಾರಾಟ ನಿಲ್ಲಿಸಿತು. ಬೇರೆ ಕಂಪನಿ ಬಂತು, 2023ರ ಡಿಸೆಂಬರ್‌ನಲ್ಲಿ ಅದೂ ನಿಂತಿತು, 2025ರ ಏಪ್ರಿಲ್‌ನಲ್ಲಿ ರಾಜ್ಯದ ನೆರವಿನೊಂದಿಗೆ ಮತ್ತೆ ಬಂತು. ಬೀದರ್‌ನವರಿಗೆ ಹೈದರಾಬಾದ್ ರಸ್ತೆಯಲ್ಲೇ ಹತ್ತಿರ, ಅಲ್ಲಿಂದ ಎಲ್ಲ ಕಡೆಗೂ ವಿಮಾನ. ದೊಡ್ಡ ನಿಲ್ದಾಣದ ನೆರಳಿನಲ್ಲಿ ಸಣ್ಣದು ಬೆಳೆಯುವುದು ಕಷ್ಟ.

ಕುಂದಾ_ಡಬ್ಬಿ
ಬೆಳಗಾವಿಗೂ ಇದ ಆತಲ್ಲ. 2017ರ ಸೆಪ್ಟೆಂಬರ್‌ನ್ಯಾಗ ಸಾಂಬ್ರಾದಾಗ ಹೊಸಾ ಟರ್ಮಿನಲ್ ತಗದ್ರು, 2018ಕ್ಕ ಹುಬ್ಬಳ್ಳಿಗೆ ಉಡಾನ್ ಸಿಕ್ತು, ವಿಮಾನ ಎಲ್ಲಾ ಅತ್ತಾಗ ಹಾರಿದ್ವು. ಹೊಸಾ ಕಟ್ಟಡದಾಗ ಗುಬ್ಬಿ. ಮೂರನೇ ಸುತ್ತಿನ್ಯಾಗ ಬೆಳಗಾವಿ ಸೇರಿದ ಮ್ಯಾಲ ಜೀವ ಬಂತು. ಈಗ ಕೆಲವು ಊರು ಮತ್ತ ಕೈಬಿಟ್ಟಾವ. ಮ್ಯಾಲ 2025ರ ಆಗಸ್ಟ್‌ನಿಂದ ವಂದೇ ಭಾರತ್ ಬಂದೈತಿ, ಎಂಟೂವರಿ ತಾಸಿನ್ಯಾಗ ಬೆಂಗಳೂರು.

ಹೋಟೆಲ್_ಮೋಡ್
ವಂದೇ ಭಾರತ್ ವಿಮಾನಕ್ಕೆ ಪೈಪೋಟಿ ಅಲ್ಲ. ಎಂಟೂವರೆ ಗಂಟೆ ಹಗಲು ಕಳೆಯೋಕೆ ರೆಡಿ ಇರೋರು ವಿಮಾನ ಹತ್ತೋರಲ್ಲ. ವಿಮಾನಕ್ಕೆ ನಿಜವಾದ ಪೈಪೋಟಿ ರಾತ್ರಿ ಮಲಗಿ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿಸೋ ಸ್ಲೀಪರ್ ಬಸ್ಸು. ಹಗಲೂ ಉಳೀತು, ಲಾಡ್ಜ್ ಬಾಡಿಗೆನೂ ಉಳೀತು.

ಕುಂದಾ_ಡಬ್ಬಿ
ಅದೂ ಖರೇನ.

ಹೊರ್ತಿ_ಹೈವೇ
ಎಪ್ಪತ್ತು ಸೀಟು ತುಂಬೂದಿಲ್ಲ ಅಂದ್ರ 19 ಸೀಟಿನ ಡಾರ್ನಿಯರ್ ತರ್ರಿ! ಕಾನ್ಪುರದಾಗ ಎಚ್‌ಎಎಲ್ ಮಾಡ್ತತಿ, ನಮ್ಮ ದೇಶದ್ದು. ಅರುಣಾಚಲದ ಪಾಸಿಘಾಟ್‌ಗೆ 2022ರಿಂದ ಹಾರ್ತೈತಿ.

ಹೋಟೆಲ್_ಮೋಡ್
ಡಾರ್ನಿಯರ್ 228 ಒಳ್ಳೆ ವಿಮಾನ, ಜಾಗ ತಪ್ಪು. ಅದರ ಕ್ಯಾಬಿನ್‌ಗೆ ಒತ್ತಡ ತುಂಬಿರೋದಿಲ್ಲ, ಹಾಗಾಗಿ 10,000 ಅಡಿ ಆಸುಪಾಸಿನಲ್ಲೇ ಹಾರಬೇಕು. ಬೇಸಿಗೆ ಮಧ್ಯಾಹ್ನ ಬಯಲುಸೀಮೆ ಮೇಲೆ ಬಿಸಿಗಾಳಿ ಏಳೋದು ಅದೇ ಎತ್ತರದವರೆಗೆ. ವಾಂತಿ ಚೀಲ ಜಾಸ್ತಿ ಇಡಬೇಕಾಗುತ್ತೆ. ಪೈಲಟ್ ಇಬ್ಬರೇ ಎರಡೂ ಕಡೆ, ಎಟಿಆರ್‌ನಲ್ಲಿ ಅವರ ಸಂಬಳ 72 ಸೀಟಿಗೆ ಹಂಚುತ್ತೆ, ಇಲ್ಲಿ 17–19ಕ್ಕೆ. ಪಾಸಿಘಾಟ್‌ನಲ್ಲಿ ಪರ್ಯಾಯ ಅಂದರೆ ನದಿ, ಕಾಡು, ಬೆಟ್ಟ. ಇಲ್ಲಿ ಪರ್ಯಾಯ ಅಂದರೆ ಸ್ಲೀಪರ್ ಬಸ್ಸು.

ಖಡಕ್_ರೊಟ್ಟಿ
ಅದಿರ್ಲಿ, ಹೆಸರು ಏನಾತು? ಬಸವೇಶ್ವರ ವಿಮಾನ ನಿಲ್ದಾಣ ಅಂತ ಆತಿಲ್ಲೋ?

ಕಡತ_ಕಣ್ಣು
2023ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ನಿರ್ಣಯವಾಯಿತು. ವಿಜಯಪುರಕ್ಕೆ ಜಗಜ್ಯೋತಿ ಬಸವೇಶ್ವರ, ಬೆಳಗಾವಿಗೆ ಕಿತ್ತೂರು ರಾಣಿ ಚನ್ನಮ್ಮ, ಹುಬ್ಬಳ್ಳಿಗೆ ಸಂಗೊಳ್ಳಿ ರಾಯಣ್ಣ, ಶಿವಮೊಗ್ಗಕ್ಕೆ ಕುವೆಂಪು. ಅಂತಿಮ ಒಪ್ಪಿಗೆ ಕೇಂದ್ರದ್ದು.

ಖಡಕ್_ರೊಟ್ಟಿ
ಸರಿ. ಮತ್ತ ಅಮೀನಗಡ ಕರದಂಟು ಕೈಚೀಲದಾಗ ಬಿಡ್ತಾರೇನು?

ನಿರ್ವಾಹಕ
ಕರದಂಟಿಗೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ವಿಮಾನ.

ನೆಲದ_ಸಿಬ್ಬಂದಿ
ಕಂಪನಿ ಬರೋಕೆ ಮೊದಲು ನಿಲ್ದಾಣ ಏನು ಕೊಡಬೇಕು ಅಂತಾನೂ ನೋಡಿ. ವಿಮಾನದ ಉದ್ದ, ಒಡಲಿನ ಅಗಲದ ಮೇಲೆ ಅಗ್ನಿಶಾಮಕದ ದರ್ಜೆ ನಿಂತಿದೆ. ಎಟಿಆರ್ 72 ಉದ್ದ 27.17 ಮೀಟರ್, ದರ್ಜೆ 5. ಒಂದು ಅಗ್ನಿಶಾಮಕ ವಾಹನ, ಬಿ ಮಟ್ಟದ ನೊರೆಗೆ 5,400 ಲೀಟರ್ ನೀರು ಸಾಕು. ಎಂಬ್ರೇಯರ್ 175 ಮತ್ತು ಏರ್‌ಬಸ್ 320 ಎರಡೂ ದರ್ಜೆ 6, ಎರಡು ವಾಹನ, 7,900 ಲೀಟರ್. ಅಷ್ಟು ಸಿಬ್ಬಂದಿಯೂ ಪಾಳಿ ಪ್ರಕಾರ ಬೇಕು. ಒಬ್ಬ ರಜೆ ಹಾಕಿ ದರ್ಜೆ ಇಳಿದರೆ ಆ ವಿಮಾನ ಇಳಿಯೋ ಹಾಗಿಲ್ಲ.

ಇಂಧನ ಟ್ಯಾಂಕರ್ ಇಲ್ಲ ಅಂದರೆ ಬರೋವಾಗಲೇ ವಾಪಸ್ ಇಂಧನ ಹೊತ್ತು ತರಬೇಕು. 850 ಕೆ.ಜಿ. ಹೆಚ್ಚು ಅಂದರೆ ಬ್ಯಾಗ್ ಸಮೇತ ಒಂಬತ್ತು ಪ್ರಯಾಣಿಕರ ತೂಕ. ಬಿಸಿಲಿನ ದಿನ ಆ ಒಂಬತ್ತು ಟಿಕೆಟ್ ಮಾರೋ ಹಾಗಿಲ್ಲ. ಉಡಾನ್ ನಿಲ್ದಾಣದಲ್ಲಿ ರಾಜ್ಯ ಇಂಧನಕ್ಕೆ ಶೇ 1 ತೆರಿಗೆ ಇಟ್ಟಿದ್ದರೂ ಟ್ಯಾಂಕರ್ ಇಲ್ಲದಿದ್ದರೆ ಆ ರಿಯಾಯಿತಿ ಕಾಗದದಲ್ಲೇ ಉಳಿಯುತ್ತೆ.

ಮೂರನೇದು, ವಾಚ್ ಅವರ್ಸ್. ಸಣ್ಣ ನಿಲ್ದಾಣದ ಎಟಿಸಿ, ಅಂದರೆ ವಿಮಾನ ಸಂಚಾರ ನಿಯಂತ್ರಣ ಕೇಂದ್ರ, ದಿನವಿಡೀ ತೆರೆದಿರೋಲ್ಲ. ಬೆಳಿಗ್ಗೆ ಬೆಂಗಳೂರಲ್ಲಿ ಮಂಜು ಬಿದ್ದು ವಿಮಾನ ಎರಡು ಗಂಟೆ ತಡ ಆದರೆ ಆ ತಡ ಇಡೀ ದಿನ ಬೆನ್ನಿಗೆ ಬರುತ್ತೆ. ಸಂಜೆ ಕೊನೇ ಊರಿನ ಎಟಿಸಿ ಮುಚ್ಚೋ ಹೊತ್ತು, ಪೈಲಟ್‌ಗಳ ಡ್ಯೂಟಿ ಮಿತಿ, ಎರಡರಲ್ಲಿ ಒಂದು ಅಡ್ಡ ಬರುತ್ತೆ. ರದ್ದಾಗೋದು ಯಾವಾಗಲೂ ಸಣ್ಣ ಊರಿನ ಟ್ರಿಪ್ಪೇ. ಐಎಲ್‌ಎಸ್ ಥರದ, ಮಂಜಿನಲ್ಲೂ ರನ್‌ವೇಗೆ ದಾರಿ ತೋರಿಸೋ ಉಪಕರಣ ಇಲ್ಲದಿದ್ದರೆ ಕಣ್ಣಿಗೆ 5 ಕಿ.ಮೀ. ಕಾಣಬೇಕು, ಮಳೆಗಾಲದ ಬೆಳಿಗ್ಗೆಗಳಲ್ಲಿ ಅದೂ ಅನುಮಾನ.

ಸಾಂಬ್ರಾ_08
ಬಿಡಿಭಾಗದ ಮಾತು ಬಿಟ್ಟಿರಿ. ಎರಡೇ ವಿಮಾನದ ಕಂಪನಿಗೆ ಹೆಚ್ಚುವರಿ ವಿಮಾನ ಇರಲ್ಲ. ಮೊದಲೇ ಒಪ್ಪಿಗೆ ಪಡೆದ ಪಟ್ಟಿಯಲ್ಲಿರೋ ಕೆಲವು ದೋಷಗಳ ರಿಪೇರಿ ಮುಂದೂಡಬಹುದು: ಬಿ ವರ್ಗಕ್ಕೆ 3 ದಿನ, ಸಿ ವರ್ಗಕ್ಕೆ 10. ಪಟ್ಟಿಯಲ್ಲಿಲ್ಲದ ದೋಷ ಬುರಣಾಪುರದಲ್ಲಿ ಬಂದರೆ ಬೆಂಗಳೂರಿಂದ ಎಂಜಿನಿಯರ್ ಭಾಗ ಹಿಡ್ಕೊಂಡು ರಸ್ತೆಯಲ್ಲಿ 530 ಕಿ.ಮೀ. ಬರಬೇಕು. ಲೈಸೆನ್ಸ್ ಇರೋ ಎಂಜಿನಿಯರ್ ಸಹಿ ಬೀಳೋವರೆಗೆ ವಿಮಾನ ಕದಲಲ್ಲ. ಅವತ್ತಿನ ಆರು ಟ್ರಿಪ್ ಹೋಯ್ತು.

ಘಟಪ್ರಭಾ_ದಂಡಿ
ರದ್ದಾದ್ರ ನಮಗ ಏನ್ ಸಿಗತೈತಿ?

ನೆಲದ_ಸಿಬ್ಬಂದಿ
ಹಾರಾಟದ ಅವಧಿ ಒಂದು ಗಂಟೆ ಒಳಗಿದ್ದರೆ 5,000, ಒಂದರಿಂದ ಎರಡು ಗಂಟೆಗೆ 7,500 ರೂ., ಅಥವಾ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ಟಿಕೆಟ್ ಹಣ ಅಥವಾ ಬೇರೆ ವಿಮಾನ ಇದರಿಂದ ಪ್ರತ್ಯೇಕ. ಹವಾಮಾನದಂಥ ಕಂಪನಿ ಕೈಮೀರಿದ ಕಾರಣಕ್ಕೆ ಪರಿಹಾರ ಇಲ್ಲ, ಅದಕ್ಕೇ ಕಾರಣ ಏನು ಅಂತ ಕೌಂಟರ್‌ನಲ್ಲೇ ಬರೆಸ್ಕೊಳ್ಳಿ. ಎರಡು ಗಂಟೆ ತಡಕ್ಕೆ ತಿಂಡಿ ಕೊಡಬೇಕು, ಆರು ಗಂಟೆ ದಾಟಿದರೆ ಪೂರ್ತಿ ಹಣ ವಾಪಸ್ ಕೇಳಬಹುದು. ಸಂಪರ್ಕ ಸಂಖ್ಯೆಯ ಜಾಗದಲ್ಲಿ ಏಜೆಂಟನದ್ದಲ್ಲ, ನಿಮ್ಮದೇ ಮೊಬೈಲ್ ಹಾಕಿಸಿ. ರದ್ದಾದ ಮೆಸೇಜ್ ಏಜೆಂಟನಿಗೆ ಹೋಗಿ ನೀವು ನಿಲ್ದಾಣದ ಗೇಟಲ್ಲಿ ನಿಂತಿರೋದು ಮಾಮೂಲು.

ಗುಮ್ಮಟದ_ನೆರಳು
ಹಂಗಾದ್ರ ಒಂದು ಸರಪಳಿ ಹಾಕಿ ನೋಡೂಣ. ಬೆಂಗಳೂರು 6:30, ವಿಜಯಪುರ 7:50. ಅಲ್ಲಿಂದ 8:20ಕ್ಕ ಹೈದರಾಬಾದ್, ಆಕಾಶದಾಗ 295 ಕಿ.ಮೀ., ಒಂದು ತಾಸು. 9:50ಕ್ಕ ಬಿಟ್ಟು 10:50ಕ್ಕ ವಾಪಸ್. 11:20ಕ್ಕ ಗೋವಾದ ಮೋಪಾ, 230 ಕಿ.ಮೀ., 12:15ಕ್ಕ ಮುಟ್ತು. 12:45ಕ್ಕ ಬಿಟ್ಟು 1:40ಕ್ಕ ಮತ್ತ ವಿಜಯಪುರ, 2:10ಕ್ಕ ಬೆಂಗಳೂರು ಕಡೆ, 3:30ಕ್ಕ ಇಳೀತು. ಆರೂವರಿ ತಾಸು ಹಾರಾಟ ಆತು. ಸಂಜಿ ಎರಡನೇ ಸಿಬ್ಬಂದಿ ಹತ್ತಿಸಿ ಬ್ಯಾರೆ ಊರಿಗೆ ಕಳಿಸಿದ್ರ ಎಂಟು ದಾಟ್ತದ.

ತಿಕೋಟಾ_ದ್ರಾಕ್ಷಿ
2:10. ಮ್ಯಾಲ ಬರೆದದ್ದು ಓದಿದ್ರಿ?

ಇಳಕಲ್_ಸೆರಗು
ಬಿಸಲು ಬಿಡ್ರಿ, 3:30ಕ್ಕ ದೇವನಹಳ್ಳ್ಯಾಗ ಇಳಿದು ವಿಧಾನಸೌಧ ಮುಟ್ಟೂದ್ರಾಗ ಕಚೇರಿ ಬಾಗಿಲಾ ಹಾಕಿರ್ತಾರ. ಬೆಂಗಳೂರಿನವರು ವಿಜಯಪುರಕ್ಕ ಬರಾಕ ಅನುಕೂಲ, ವಿಜಯಪುರದವರು ಬೆಂಗಳೂರಿಗೆ ಹೋಗಾಕ ಅಲ್ಲ. ಟಿಕೆಟ್ ರೊಕ್ಕಾ ಕೊಡೂವ್ರು ಯಾರು? ದವಾಖಾನಿಗೆ, ಕೋರ್ಟಿಗೆ, ಇಲಾಖೆಗೆ ಹೋಗೂ ನಮ್ಮ ಮಂದಿ. ವಿಮಾನ ರಾತ್ರಿ ವಿಜಯಪುರದಾಗ ತಂಗಬೇಕು, ಬೆಳಿಗ್ಗೆ 6:30ಕ್ಕ ಇಲ್ಲಿಂದ ಏಳಬೇಕು, ಸಂಜಿ 6:30ಕ್ಕ ಬೆಂಗಳೂರು ಬಿಟ್ಟು ರಾತ್ರಿ ಮನಿ ಮುಟ್ಟಿಸಬೇಕು.

ಗುಮ್ಮಟದ_ನೆರಳು
ಹಗಲ ಹೊತ್ತು ಬೆಂಗಳೂರಿನಿಂದ ಬ್ಯಾರೆ ಊರಿಗೆ ಹಾರ್ಲಿ, ಹೈದರಾಬಾದ್ ವಾರಕ್ಕ ಮೂರು ದಿನ ಸಾಕು ಅಂತೀರಿ?

ಇಳಕಲ್_ಸೆರಗು
ಹೌದು. ಗೋವಾ ತಗದ ಹಾಕ್ರಿ, ಅದು ಮದುವಿ ಫೋಟೋ ಮಂದಿಗೆ.

ನೆಲದ_ಸಿಬ್ಬಂದಿ
ರಾತ್ರಿ ತಂಗಬೇಕಂದರೆ ಖರ್ಚಿನ ಪಟ್ಟಿ ಬದಲಾಗುತ್ತೆ. ರಾತ್ರಿ 7:50ಕ್ಕೆ ಇಳಿಯೋಕೆ ರನ್‌ವೇ ದೀಪ, ಇಳಿಜಾರು ತೋರಿಸೋ ಪಾಪಿ ದೀಪ, ಆ ಹೊತ್ತಿನವರೆಗೆ ಎಟಿಸಿ, ಅಗ್ನಿಶಾಮಕ, ಭದ್ರತೆ, ಮೂರಕ್ಕೂ ಎರಡನೇ ಪಾಳಿ. ಇಬ್ಬರು ಪೈಲಟ್, ಇಬ್ಬರು ಗಗನಸಖಿಯರಿಗೆ ಹೋಟೆಲ್, ಕಾರು. ಎಂಜಿನಿಯರ್ ಇಲ್ಲೇ ನೆಲೆಸಬೇಕು. ನಿಂತ ವಿಮಾನಕ್ಕೆ ರಾತ್ರಿ ಕಾವಲು. ಕಂಪನಿ ಇದನ್ನು ತಾನಾಗಿ ಮಾಡಲ್ಲ, ಪೈಲಟ್‌ಗಳು ಬೆಂಗಳೂರಲ್ಲಿ ಮನೆಯಲ್ಲಿ ಮಲಗಿದರೆ ಅದಕ್ಕೆ ಅಗ್ಗ.

ಕಡತ_ಕಣ್ಣು
ಹಾಗಿದ್ದರೆ ರಾಜ್ಯದ ಹಣ ಸೀಟಿಗೆ ಕೊಡುವ ಬದಲು ಇದಕ್ಕೆ ಕೊಡಲಿ. 2025ರ ಕೇಂದ್ರ ಬಜೆಟ್ ಪರಿಷ್ಕೃತ ಉಡಾನ್‌ನಲ್ಲಿ ಹತ್ತು ವರ್ಷದಲ್ಲಿ 120 ಹೊಸ ಊರು ಎಂದಿದೆ. ಬಿಡ್ ಕರೆಯುವಾಗ ರಾತ್ರಿ ತಂಗುವ ವಿಮಾನ, ಬೆಳಿಗ್ಗೆ 7ರೊಳಗೆ ಮೊದಲ ಹಾರಾಟ ಎಂಬ ಷರತ್ತು ಬರೆಸಿ, ಎರಡನೇ ಪಾಳಿಯ ಖರ್ಚು ರಾಜ್ಯ ಹೊತ್ತರೆ ಕಂಪನಿಗೂ ಆಕ್ಷೇಪ ಇರಲಾರದು.

ಸಾಂಬ್ರಾ_08
ಬೆಳಿಗ್ಗೆ 7:50ಕ್ಕೆ ಬೆಂಗಳೂರಲ್ಲಿ ಇಳಿಯೋ ಸ್ಲಾಟ್ ಯಾರು ಕೊಡ್ತಾರೆ? ಅದು ದೊಡ್ಡ ಕಂಪನಿಗಳು ಕಾದು ಕೂತಿರೋ ಹೊತ್ತು. 70 ಸೀಟಿನ ವಿಮಾನಕ್ಕೂ 180 ಸೀಟಿನದಕ್ಕೂ ರನ್‌ವೇ ಮೇಲೆ ಬೇಕಾಗೋ ಜಾಗ ಒಂದೇ. ಪ್ರೊಪೆಲ್ಲರ್ ವಿಮಾನ ನಿಧಾನ ಬರೋದರಿಂದ ಹಿಂದೆ ಬರೋ ಜೆಟ್‌ಗೆ ಅಂತರ ಇನ್ನೂ ಜಾಸ್ತಿ ಬಿಡಬೇಕು.

ಇಳಕಲ್_ಸೆರಗು
6:00ಕ್ಕ ಏಳಿಸ್ರಿ, 7:20ಕ್ಕ ಇಳಿಸ್ರಿ.

ಸಾಂಬ್ರಾ_08
7:20ಕ್ಕೂ ಅದೇ ಕಥೆ. 5:15ಕ್ಕೆ ಎದ್ದರೆ 6:35ಕ್ಕೆ ಇಳಿಯುತ್ತೆ, ಅದು ಸಿಗಬಹುದು. ಆದರೆ ಚೆಕ್-ಇನ್ 4:15ಕ್ಕೆ. ಬಾಗಲಕೋಟೆಯವರು 2 ಗಂಟೆಗೆ ಮನೆ ಬಿಡಬೇಕು.

ಖಡಕ್_ರೊಟ್ಟಿ
2 ಗಂಟೇಕ್ಕ ಬಸ್ಸು ದಾವಣಗೆರಿ ಮುಟ್ಟಿರ್ತತಿ.